ಎಮ್ಮೆಲ್ಲೆಗೆ ನಿಲ್ಲುವ ಯೋಚನೆಯಲ್ಲಿರುವ ರೈತರಿಗೆ

ಕಾನೂನು ಕೇಳುವುದು ಬಹಳ ಕಡಿಮೆ. ನಾಮಪತ್ರ ಪರಿಶೀಲನೆಯ ದಿನಕ್ಕೆ 25 ವರ್ಷ ತುಂಬಿರಬೇಕು. ಕರ್ನಾಟಕದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಹತ್ತು ಸಾವಿರ ರೂಪಾಯಿ ಠೇವಣಿ ಕಟ್ಟಬೇಕು. ಪರಿಶಿಷ್ಟ ಜಾತಿ, ಪಂಗಡದವರಾದರೆ ಐದು ಸಾವಿರ. ಓದು ಇಷ್ಟಿರಬೇಕೆಂಬ ನಿಯಮವಿಲ್ಲ, ಮಕ್ಕಳೆಷ್ಟು ಎಂಬ ಪ್ರಶ್ನೆಯಿಲ್ಲ. ಒಂದು ಒಳ್ಳೆಯ ಎಮ್ಮೆ ಕೊಳ್ಳುವ ದುಡ್ಡಿಗಿಂತ ಕಡಿಮೆ ಹಣದಲ್ಲಿ ನಿಮ್ಮ ಹೆಸರು ಮತಯಂತ್ರದ ಮೇಲೆ ಬಂದುಬಿಡುತ್ತದೆ.

2023ರ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಲ್ಲಿ ಹೀಗೆ ಹೆಸರು ಬಂದವರು ಸುಮಾರು 2,600 ಮಂದಿ. ಅವರಲ್ಲಿ ಬಹುಪಾಲು ಜನ ಠೇವಣಿ ಕಳೆದುಕೊಂಡರು. ಸೋತವರನ್ನು ಕೇಳಿದರೆ ‘ದುಡ್ಡಿರಲಿಲ್ಲ ಸ್ವಾಮಿ’ ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಮೊದಲ ಸಲ ನಿಲ್ಲುವ ರೈತ ದುಡ್ಡಿನ ಮಾತು ಬರುವುದಕ್ಕೆ ಮುಂಚೆಯೇ ಎಡವುವ ಎರಡು ಜಾಗಗಳಿವೆ: ಕಾಗದಪತ್ರ ಮತ್ತು ಮತಗಟ್ಟೆ. ಇವೆರಡಕ್ಕೂ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಮುಂಚಿತವಾದ ತಯಾರಿ. ಮುಂದಿನ ಸಾರ್ವತ್ರಿಕ ಚುನಾವಣೆಯ ಅವಧಿ 2028. ನಿಲ್ಲುವ ಮನಸ್ಸಿದ್ದರೆ ಕೆಲಸ ಈಗಲೇ ಶುರುವಾಗಬೇಕು.

ಈ ದಾರಿಯಲ್ಲಿ ನಡೆದವರು

ಕರ್ನಾಟಕದಲ್ಲಿ ಇದು ಹೊಸ ದಾರಿಯಲ್ಲ. ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಸಾಗರ–ಹೊಸನಗರ ಭಾಗದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದಾಗ ಅವರಿಗೆ 29 ವರ್ಷ. ‘ಒಂದು ನೋಟು, ಒಂದು ಓಟು’ ಎಂದು ಜನರಲ್ಲೇ ಹಣವನ್ನೂ ಮತವನ್ನೂ ಕೇಳಿದ ಕಥೆಯನ್ನು ಮಲೆನಾಡಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. 1980ರಲ್ಲಿ ನರಗುಂದ–ನವಲಗುಂದದ ಬಂಡಾಯದ ಕಾವಿನಲ್ಲಿ ಹುಟ್ಟಿದ ರಾಜ್ಯ ರೈತ ಸಂಘ ಮೊದಮೊದಲು ಚುನಾವಣೆಯಿಂದ ದೂರವಿತ್ತು. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದ ಉಪಚುನಾವಣೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಗೆದ್ದು ವಿಧಾನಸಭೆಗೆ ಬಂದರು.

ಹೊಸಬರು ಹೆಚ್ಚು ಗಮನಿಸಬೇಕಾದದ್ದು ಮಂಡ್ಯ ಜಿಲ್ಲೆಯ ಉದಾಹರಣೆ. ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದವರು, ಮತ್ತೆ ಶಾಸಕರಾದದ್ದು 2013ರಲ್ಲಿ, ಮೇಲುಕೋಟೆಯಿಂದ. 1999ರಲ್ಲಿ ಮೊದಲ ಅವಧಿ ಮುಗಿದ ಮೇಲಿನ 14 ವರ್ಷ ಅವರು ಶಾಸಕರಾಗಿರಲಿಲ್ಲ, ಆದರೆ ಹಸಿರು ಶಾಲು ಹೊದ್ದು ಓಡಾಡುವುದನ್ನು ಬಿಡಲಿಲ್ಲ. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ, ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದ ಮಗ ದರ್ಶನ್ ಅದೇ ವರ್ಷ ನಿಂತು ಸೋತರು. ಐದು ವರ್ಷದ ನಂತರ ಸರ್ವೋದಯ ಕರ್ನಾಟಕ ಪಕ್ಷದಿಂದ ನಿಂತರು. ಕಾಂಗ್ರೆಸ್ ಬೆಂಬಲ ಕೊಟ್ಟಿತು, ಗೆದ್ದರು. ಅಪ್ಪನ ಹೆಸರು, ಕಟ್ಟಿದ ಸಂಘಟನೆ, ಅನುಕಂಪ ಎಲ್ಲವೂ ಇದ್ದವರಿಗೇ ಮೊದಲ ಸಲ ದಕ್ಕಲಿಲ್ಲ. ಇವ್ಯಾವುವೂ ಇಲ್ಲದವರು ಮೊದಲ ಚುನಾವಣೆಯನ್ನು ಎರಡನೆಯದರ ಬಿತ್ತನೆ ಎಂದೇ ನೋಡುವುದು ವಾಸ್ತವಕ್ಕೆ ಹತ್ತಿರ.

ಮೊದಲು ಪಹಣಿ ಸರಿಮಾಡಿಕೊಳ್ಳಿ

ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವೇ ಎಲ್ಲಕ್ಕಿಂತ ತಲೆನೋವಿನ ಕಾಗದ. ನಿಮ್ಮದು, ಹೆಂಡತಿ ಅಥವಾ ಗಂಡನದು, ಅವಲಂಬಿತರದು, ಹಿಂದೂ ಅವಿಭಕ್ತ ಕುಟುಂಬವಿದ್ದರೆ ಅದರದು, ಹೀಗೆ ಎಲ್ಲರ ಆಸ್ತಿ, ಸಾಲ ಅದರಲ್ಲಿ ಬರಬೇಕು. ಪೇಟೆಯ ಅಭ್ಯರ್ಥಿಗೆ ಒಂದು ಸೈಟು, ಒಂದು ಫ್ಲ್ಯಾಟು. ಲೆಕ್ಕಪರಿಶೋಧಕರು ಒಂದು ಸಂಜೆಯಲ್ಲಿ ಮುಗಿಸಿಕೊಡುತ್ತಾರೆ. ರೈತನ ಕಥೆ ಹಾಗಲ್ಲ.

ಕೃಷಿ ಜಮೀನಿನ ಅಂಕಣದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡದ್ದಾದರೆ ಯಾವಾಗ, ಎಷ್ಟಕ್ಕೆ, ಕೊಂಡ ಮೇಲೆ ಅದಕ್ಕೆ ಹಾಕಿದ ಬಂಡವಾಳವೆಷ್ಟು, ಇವತ್ತಿನ ಅಂದಾಜು ಬೆಲೆಯೆಷ್ಟು, ಎಲ್ಲವನ್ನೂ ಕೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಜಮೀನು ಇವತ್ತಿಗೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ ಎಂದರೆ ಯಾರೂ ಜಗಳಕ್ಕೆ ಬರಲಾರರು. ಪೌತಿ ಖಾತೆ ಆಗಿರುವುದಿಲ್ಲ. ಆಗಿದ್ದರೂ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿರುತ್ತದೆ, ಪೋಡಿ ಆಗಿರುವುದಿಲ್ಲ. ಉಳುವುದು ಎರಡು ಎಕರೆ, ದಾಖಲೆಯಲ್ಲಿ ಮೂವತ್ತೆರಡು ಗುಂಟೆ. ಈ ಗೋಜಲನ್ನು ಕೊನೆಯ ವಾರ ಬಿಡಿಸಲು ಹೊರಟರೆ ಗ್ರಾಮ ಆಡಳಿತಾಧಿಕಾರಿ ಚುನಾವಣಾ ಕೆಲಸಕ್ಕೆ ಹೋಗಿರುತ್ತಾರೆ. ಪೌತಿ ಖಾತೆಗೂ ಪೋಡಿಗೂ ಇವತ್ತೇ ಅರ್ಜಿ ಹಾಕಿ. ಗೆಲ್ಲಲಿ ಸೋಲಲಿ, ಆ ಕೆಲಸದ ಲಾಭ ಮನೆಗೇ.

ಬಗರ್ ಹುಕುಂ ಸಾಗುವಳಿ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಮಂಜೂರಾಗದ ಜಮೀನನ್ನು ನನ್ನದೆಂದು ಬರೆದರೆ ಪ್ರಮಾಣಪತ್ರ ಸುಳ್ಳಾಗುತ್ತದೆ, ಎದುರಾಳಿಗೂ ಒಂದು ಅಸ್ತ್ರ ಸಿಗುತ್ತದೆ. ಅರ್ಜಿ ಯಾವ ಹಂತದಲ್ಲಿದೆ ಎಂಬ ಕಾಗದವನ್ನು ವಕೀಲರಿಗೆ ತೋರಿಸಿ, ಅವರು ಹೇಳಿದಂತೆ ಬರೆಯಿರಿ.

ಸಾಲದ ಅಂಕಣವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಸೊಸೈಟಿಯ ಬೆಳೆ ಸಾಲ, ಡಿಸಿಸಿ ಬ್ಯಾಂಕಿನ ಬಾಕಿ, ಟ್ರ್ಯಾಕ್ಟರ್ ಸಾಲ, ಹೆಂಡತಿಯ ಒಡವೆ ಅಡವಿಟ್ಟು ತಂದದ್ದು ಎಲ್ಲವೂ ಬರಬೇಕು. ಪ್ರತಿ ಸಂಸ್ಥೆಯಿಂದಲೂ ಬಾಕಿಯ ಪತ್ರ ತೆಗೆದುಕೊಳ್ಳಿ. ಪ್ಯಾನ್ ಇಲ್ಲದಿದ್ದರೆ ಇಲ್ಲವೆಂದೇ ಬರೆಯಬೇಕು. ಆದಾಯ ತೆರಿಗೆ ವಿವರ ಸಲ್ಲಿಸಿಲ್ಲದಿದ್ದರೆ ಸಲ್ಲಿಸಿಲ್ಲವೆಂದು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ನಿಜ, ಅದಕ್ಕೆಂದು ಅಂಕಣವನ್ನು ಖಾಲಿ ಬಿಡುವಂತಿಲ್ಲ. ಖಾಲಿ ಬಿಟ್ಟ ಅಂಕಣಗಳನ್ನು ಚುನಾವಣಾಧಿಕಾರಿ ತೋರಿಸಿಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂಬ ಎರಡು ಮಾತು ಎಷ್ಟೋ ಅಭ್ಯರ್ಥಿಗಳನ್ನು ಉಳಿಸಿವೆ. ಗೊತ್ತಿದ್ದೂ ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು.

ಹೋರಾಟದ ಕೇಸುಗಳು

ರೈತ ಸಂಘದಲ್ಲಿ ಓಡಾಡಿದವರ ಮೇಲೆ ರಸ್ತೆ ತಡೆ, ಕಚೇರಿ ಮುತ್ತಿಗೆಯ ಒಂದೆರಡು ಕೇಸು ಇಲ್ಲದಿದ್ದರೆ ಆಶ್ಚರ್ಯ. ಹಲವರಿಗೆ ತಮ್ಮ ಮೇಲೆ ಕೇಸಿದೆ ಎಂಬುದೇ ನೆನಪಿರುವುದಿಲ್ಲ. ‘ಅಧ್ಯಕ್ಷರು ಮತ್ತು ಇತರರು’ ಎಂಬ ಎಫ್‌ಐಆರ್‌ನಲ್ಲಿ ಆ ಇತರರೊಳಗೆ ಒಬ್ಬರಾಗಿರುತ್ತಾರೆ. ಬಾಕಿಯಿರುವ ಪ್ರತಿ ಪ್ರಕರಣದ ನಂಬರು, ಠಾಣೆ, ನ್ಯಾಯಾಲಯ, ಕಲಂ, ಆರೋಪ ನಿಗದಿಯಾಗಿದೆಯೇ ಇಲ್ಲವೇ ಎಂಬ ವಿವರ ಪ್ರಮಾಣಪತ್ರದಲ್ಲಿ ಇರಬೇಕು. ಇ–ಕೋರ್ಟ್ಸ್ ತಾಣದಲ್ಲಿ ತಾಲ್ಲೂಕಿನ ನ್ಯಾಯಾಲಯ ಆರಿಸಿ ನಿಮ್ಮ ಹೆಸರು ಹುಡುಕಿ. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡುವುದು ಮೇಲು.

ಕೇಸು ಬಾಕಿ ಇರುವುದರಿಂದಲೇ ಅನರ್ಹತೆ ಬರುವುದಿಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಮಾತ್ರ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ, ಬಿಡುಗಡೆಯಾದ ಮೇಲೂ ಆರು ವರ್ಷ. ಕೆಲವು ಅಪರಾಧಗಳಿಗೆ ಕಡಿಮೆ ಶಿಕ್ಷೆಯೂ ಸಾಕು. ಆದರೆ ಬಾಕಿ ಕೇಸಿದ್ದವರು ಅದರ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆಯಲ್ಲೂ ಟಿ.ವಿ.ಯಲ್ಲೂ ಪ್ರಕಟಿಸಬೇಕು, ಖರ್ಚು ಅವರದೇ. ಕಳಸಾ–ಬಂಡೂರಿಗೆ ಕೂತವನೂ ಕೊಲೆ ಆರೋಪಿಯೂ ಒಂದೇ ಬಗೆಯ ಜಾಹೀರಾತು ಕೊಡಬೇಕಾದ ಈ ನಿಯಮ ಹೋರಾಟಗಾರರಿಗೆ ಕಹಿಯೇ. ಕಾನೂನು ಹಾಗಿದೆ. ಆ ಕೇಸು ಯಾಕೆ ಬಂತೆಂದು ಊರಿನ ಸಭೆಯಲ್ಲಿ ನೀವೇ ಮೊದಲು ಹೇಳಿಬಿಟ್ಟರೆ ಎದುರಾಳಿಗೆ ಹೇಳಲು ಏನೂ ಉಳಿಯುವುದಿಲ್ಲ.

ಇನ್ನೊಂದು ಗುಂಡಿ ಗುತ್ತಿಗೆಯದು. ಬೇಸಾಯದ ಜೊತೆಗೆ ಚರಂಡಿ, ಚೆಕ್ ಡ್ಯಾಂ ಕಾಮಗಾರಿ ಹಿಡಿಯುವ ಯುವಕರು ಬಹಳ. ರಾಜ್ಯ ಸರ್ಕಾರದೊಂದಿಗಿನ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಸ್ಪರ್ಧಿಸುವಂತಿಲ್ಲ. ಕೆಲಸ ಪೂರ್ತಿ ಮುಗಿಸಿ ಬಿಲ್ಲು ಮಾತ್ರ ಬಾಕಿಯಿದ್ದರೆ ಅಡ್ಡಿಯಿಲ್ಲ; ಮುಗಿದದ್ದಕ್ಕೆ ದಾಖಲೆ ಇಟ್ಟುಕೊಳ್ಳಿ.

ಬಿ ಫಾರಮ್ಮೋ, ಪಕ್ಷೇತರವೋ

ದೊಡ್ಡ ಪಕ್ಷದ ಟಿಕೆಟ್ ಕೇಳುವುದೂ ಬಿಟ್ಟಿಯಲ್ಲ. 2023ರ ಚುನಾವಣೆಗೆ ಮುನ್ನ ಪ್ರದೇಶ ಕಾಂಗ್ರೆಸ್ ಸಮಿತಿ ಅರ್ಜಿ ನಮೂನೆಗೆ ಐದು ಸಾವಿರ, ಅರ್ಜಿಯ ಜೊತೆ ಸಾಮಾನ್ಯ ವರ್ಗದವರಿಂದ ಎರಡು ಲಕ್ಷ, ಪರಿಶಿಷ್ಟರಿಂದ ಒಂದು ಲಕ್ಷ ರೂಪಾಯಿ ಕೇಳಿತ್ತು. ಟಿಕೆಟ್ ಸಿಕ್ಕಿತೆಂದು ಟಿ.ವಿ. ಹೇಳಿದರೆ ಸಾಲದು. ಪಕ್ಷದ ಅಧಿಕೃತ ಸಹಿ ಇರುವ ಎ ಮತ್ತು ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಚುನಾವಣಾಧಿಕಾರಿಯ ಕೈಗೆ ಮುಟ್ಟಬೇಕು, ಸಹಿ ಶಾಯಿಯಲ್ಲೇ ಇರಬೇಕು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸೂಚಕರಾದರೆ ಸಾಕು. ಪಕ್ಷೇತರರಿಗೆ, ಮಾನ್ಯತೆಯಿಲ್ಲದ ನೋಂದಾಯಿತ ಪಕ್ಷದವರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದವರು. ಇಲ್ಲಿಯೇ ಎಡವುವುದು. ನಿಮ್ಮ ಮಾವನ ಊರು ಮೂರೇ ಕಿಲೋಮೀಟರ್ ದೂರವಿದ್ದರೂ ಪಕ್ಕದ ಕ್ಷೇತ್ರದಲ್ಲಿರಬಹುದು. ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಹೊಸ ಪಟ್ಟಿಯೊಂದಿಗೆ ಹೋಲಿಸಿ. ಹೆಬ್ಬೆಟ್ಟು ಒತ್ತುವವರನ್ನು ಸೂಚಕರಾಗಿ ಮಾಡಿಕೊಂಡರೆ ಅಧಿಕಾರಿಯ ಮುಂದೆಯೇ ಒತ್ತಿಸಿ ದೃಢೀಕರಿಸಬೇಕು. ಸಹಿ ಹಾಕುವವರೇ ಇರಲಿ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ಬೇರೆ ಹತ್ತು ಸೂಚಕರ ಸಹಿಯಿರುವ ಎರಡನೆಯ ಸೆಟ್ಟು ಕೊಟ್ಟಿದ್ದರೆ ರಾತ್ರಿ ನಿದ್ದೆ ಬರುತ್ತದೆ.

ಚಿಹ್ನೆಗೆ ಪಕ್ಷೇತರರು ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು. ಗೋಡೆಯ ಮೇಲೆ ಒಂದೇ ಗೆರೆಯಲ್ಲಿ ಬಿಡಿಸಲು ಬರುವಂಥದ್ದನ್ನು, ನಿಮ್ಮ ಅಜ್ಜಿ ದೂರದಿಂದ ನೋಡಿ ಗುರುತಿಸುವಂಥದ್ದನ್ನು ಆರಿಸಿ.

ಎಂಟು ದಿನ

2023ರಲ್ಲಿ ಅಧಿಸೂಚನೆ ಹೊರಟದ್ದು ಏಪ್ರಿಲ್ 13ರಂದು, ನಾಮಪತ್ರಕ್ಕೆ ಕೊನೆಯ ದಿನ 20. ಭಾನುವಾರ ಮತ್ತು ಸಾರ್ವಜನಿಕ ರಜೆಗಳಂದು ನಾಮಪತ್ರ ತೆಗೆದುಕೊಳ್ಳುವುದಿಲ್ಲ. ಆ ಎಂಟು ದಿನಗಳ ನಡುವೆ ಅಂಬೇಡ್ಕರ್ ಜಯಂತಿಯೂ ಒಂದು ಭಾನುವಾರವೂ ಇದ್ದವು. ಸಮಯ ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಎತ್ತಿನ ಗಾಡಿ ಮೆರವಣಿಗೆ ಚೆನ್ನಾಗಿರುತ್ತದೆ, ಫೋಟೊ ಪತ್ರಿಕೆಯಲ್ಲೂ ಬರುತ್ತದೆ. ಆದರೆ ಒಳ್ಳೆಯ ಮುಹೂರ್ತ ಮತ್ತು ಮೆರವಣಿಗೆ ಎರಡನ್ನೂ ಕೊನೆಯ ದಿನಕ್ಕೆ ಇಟ್ಟುಕೊಂಡರೆ ತಪ್ಪು ತಿದ್ದಲು ಸಮಯವಿರುವುದಿಲ್ಲ. ಮೊದಲ ಸೆಟ್ಟನ್ನು ಸದ್ದಿಲ್ಲದೆ ಮೊದಲೆರಡು ದಿನಗಳಲ್ಲಿ ಕೊಟ್ಟು, ಮೆರವಣಿಗೆಯನ್ನು ಎರಡನೆಯ ಸೆಟ್ಟಿಗೆ ಇಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ.

ನಾಮಪತ್ರ ಕೊಟ್ಟ ಮೇಲೆ ಪ್ರಮಾಣವಚನ ತೆಗೆದುಕೊಳ್ಳಬೇಕು, ಪರಿಶೀಲನೆಯ ಹಿಂದಿನ ದಿನದೊಳಗೆ. ಅಲ್ಲೇ ಆ ಕೂಡಲೇ ಮುಗಿಸಿಬಿಡಿ. ಬೇರೆ ಕ್ಷೇತ್ರದ ಮತದಾರರಾದರೆ ನಿಮ್ಮ ಹೆಸರಿರುವ ಪಟ್ಟಿಯ ದೃಢೀಕೃತ ಪ್ರತಿ ಬೇಕು. ಪರಿಶೀಲನೆಯ ದಿನ ಅಭ್ಯರ್ಥಿ, ಏಜೆಂಟ್, ಒಬ್ಬ ಸೂಚಕ, ಜೊತೆಗೆ ಲಿಖಿತ ಅಧಿಕಾರ ಕೊಟ್ಟ ಇನ್ನೊಬ್ಬರು ಒಳಗೆ ಇರಬಹುದು. ಆ ಇನ್ನೊಬ್ಬರು ವಕೀಲರಾಗಿರಲಿ.

ದುಡ್ಡಿನ ವಿಚಾರ

ಖರ್ಚಿನ ಮಿತಿ 40 ಲಕ್ಷ ರೂಪಾಯಿ. 2022ರ ಜನವರಿಯಲ್ಲಿ ಏರಿಸಿದ್ದು. ಈ ಅಂಕಿ ಕೇಳಿ ಕೆಲವು ಕ್ಷೇತ್ರಗಳಲ್ಲಿ ನಗುತ್ತಾರೆ, ಯಾಕೆಂದು ನಿಮಗೂ ಗೊತ್ತು. ಅವರ ಜೊತೆ ಆ ಆಟದಲ್ಲಿ ರೈತ ಗೆಲ್ಲುವುದಿಲ್ಲ. ನನ್ನ ಖಚಿತ ಅಭಿಪ್ರಾಯ ಇಷ್ಟು: ಒಂದು ಗುಂಟೆಯನ್ನೂ ಅಡವಿಟ್ಟು ಚುನಾವಣೆಗೆ ನಿಲ್ಲಬೇಡಿ. ಮನೆಯವರೆಲ್ಲ ಕೂತು, ಸೋತರೆ ಕಳೆದುಕೊಳ್ಳಲು ಸಿದ್ಧವಿರುವ ಮೊತ್ತವನ್ನು ಮೊದಲೇ ಹೇಳಿಕೊಂಡು ಅಲ್ಲಿಗೇ ಗೆರೆ ಎಳೆಯಿರಿ.

ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಬಂದದ್ದೂ ಹೋದದ್ದೂ ಅದರ ಮೂಲಕವೇ. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಅಂಗಡಿಗೆ ನಗದಾಗಿ ಕೊಡಬಹುದಾದದ್ದು ಹತ್ತು ಸಾವಿರ ಮಾತ್ರ. ಒಬ್ಬರಿಂದ ನಗದು ದೇಣಿಗೆ ಪಡೆಯುವುದಕ್ಕೂ ಅಷ್ಟೇ ಮಿತಿ. ಗೋಪಾಲಗೌಡರ ಕಾಲದಂತೆ ಟವೆಲ್ ಹಾಸಿ ಚಂದಾ ಎತ್ತಿದರೂ ರಸೀದಿ, ಹೆಸರು ಬರೆದುಕೊಳ್ಳಲೇಬೇಕು.

ಪ್ರತಿ ಜಿಲ್ಲೆಯಲ್ಲೂ ಚಹಾ, ಊಟ, ಕುರ್ಚಿ, ಶಾಮಿಯಾನ, ಧ್ವನಿವರ್ಧಕಕ್ಕೆ ದರಪಟ್ಟಿ ಹೊರಡಿಸುತ್ತಾರೆ. ಸ್ನೇಹಿತ ಪುಕ್ಕಟೆ ಕೊಟ್ಟ ಜೀಪಿಗೂ ಬಾಡಿಗೆ ಲೆಕ್ಕ ಹಾಕುತ್ತಾರೆ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇಲ್ಲದಿದ್ದರೆ ಅಪರಾಧ. ಮತದಾರರನ್ನು ಬೂತಿಗೆ ಕರೆತರಲು ವಾಹನ ಗೊತ್ತುಮಾಡುವುದು ಭ್ರಷ್ಟ ನಡವಳಿಕೆ; ಬೆಂಗಳೂರಿಗೆ ದುಡಿಯಲು ಹೋದ ಊರಿನ ಹುಡುಗರಿಗೆ ಬಸ್ ಮಾಡಿಕೊಡುವ ಮಾತು ಬಂದಾಗ ಇದು ನೆನಪಿರಲಿ. ದುಡ್ಡು ಕೊಟ್ಟು ದೇವರ ಫೋಟೊ ಮುಟ್ಟಿಸಿ ಆಣೆ ಹಾಕಿಸುವುದು ಎರಡು ಪಟ್ಟು ತಪ್ಪು: ಲಂಚವೂ ಹೌದು, ದೈವದ ಭಯ ಹುಟ್ಟಿಸುವ ಒತ್ತಡವೂ ಹೌದು.

ಬೂತಿನ ಕೆಲಸ

ಗ್ರಾಮೀಣ ಕ್ಷೇತ್ರವೊಂದರ ಗಾತ್ರ ಮನಸ್ಸಿಗೆ ಇಳಿಯಲಿ. ರಾಜ್ಯದ ಸರಾಸರಿ ತೆಗೆದರೆ ಕ್ಷೇತ್ರಕ್ಕೆ 2.3 ಲಕ್ಷಕ್ಕೂ ಹೆಚ್ಚು ಮತದಾರರು, 260ರ ಆಸುಪಾಸು ಮತಗಟ್ಟೆಗಳು. ನಾಮಪತ್ರ ಹಿಂದಕ್ಕೆ ಪಡೆಯುವ ದಿನ ಮುಗಿದ ಮೇಲೆ ಬಹಿರಂಗ ಪ್ರಚಾರಕ್ಕೆ ಸಿಗುವುದು ಸುಮಾರು ಎರಡು ವಾರ. 2023ರಲ್ಲಿ ಅದು ಏಪ್ರಿಲ್ 24ರಿಂದ ಮೇ 8ರ ಸಂಜೆಯವರೆಗೆ, ಭರಣಿ ಮಳೆಯ ಹೊತ್ತು. ಹದ ಸಿಕ್ಕ ದಿನ ಊರಲ್ಲಿ ಗಂಡಸರೂ ಇಲ್ಲ, ಹೆಂಗಸರೂ ಇಲ್ಲ. ದಿನಕ್ಕೆ ಇಪ್ಪತ್ತು ಊರು ಸುತ್ತಿ ಕೈಮುಗಿಯುವುದು ಆ ಎರಡು ವಾರಕ್ಕಾಯಿತು. ನಿಮ್ಮ ಪರಿಚಯ ಆಗಿರಬೇಕಾದದ್ದು ಅದಕ್ಕೂ ಎರಡು ವರ್ಷ ಮೊದಲು: ಬೆಳಿಗ್ಗೆ ಸಂಜೆ ಹಾಲಿನ ಡೇರಿಯ ಮುಂದೆ, ಸಂತೆಯ ದಿನ, ಎಪಿಎಂಸಿ ಅಂಗಳದಲ್ಲಿ, ಬೆಳೆ ವಿಮೆಯ ಅರ್ಜಿ ತುಂಬಿಸುವ ಕಡೆ. ಡೇರಿಗೆ ಹಾಲು ತರುವವರಲ್ಲಿ ಹೆಂಗಸರೇ ಹೆಚ್ಚಿರುವ ಊರುಗಳಿವೆ. ಅರಳಿಕಟ್ಟೆಯಲ್ಲೇ ಕೂತು ಎದ್ದುಬರುವ ಅಭ್ಯರ್ಥಿಗೆ ಅವರ ಪರಿಚಯವೇ ಆಗುವುದಿಲ್ಲ. 2023ರಲ್ಲಿ ಗೆದ್ದ 224 ಜನರಲ್ಲಿ ಮಹಿಳೆಯರು ಹತ್ತೇ ಮಂದಿ. ರೈತ ಮಹಿಳೆಯೊಬ್ಬರು ನಿಲ್ಲುವುದಾದರೆ ಈ ಡೇರಿಯ ಸಾಲೇ ಅವರ ಮೊದಲ ಸಭೆ.

ಮತದಾರರ ಪಟ್ಟಿ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಬೂತುವಾರು ಸಿಗುತ್ತದೆ. ಊರಿಗೊಬ್ಬರನ್ನು ಕೂರಿಸಿ ತೀರಿಹೋದವರು, ಮದುವೆಯಾಗಿ ಹೋದವರು, ಬಿಟ್ಟುಹೋದ ಹೊಸಬರು ಯಾರೆಂದು ಗುರುತು ಹಾಕಿಸಿ. ಸೇರ್ಪಡೆಗೆ ನಮೂನೆ 6, ತಿದ್ದುಪಡಿ ಮತ್ತು ಸ್ಥಳಾಂತರಕ್ಕೆ ನಮೂನೆ 8. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಕು. ಹದಿನೆಂಟು ತುಂಬಿದ ಹುಡುಗಿಯ ಹೆಸರು ಸೇರಿಸಲು ಓಡಾಡಿದವರನ್ನು ಆ ಮನೆ ಮರೆಯುವುದಿಲ್ಲ.

ಮತದಾನದ ದಿನ ಹೊಸಬರು ಸೋಲುವುದು ಏಜೆಂಟರಿಲ್ಲದ ಬೂತುಗಳಲ್ಲಿ. ಮತದಾನಕ್ಕೆ 90 ನಿಮಿಷ ಮೊದಲು ಅಣಕು ಮತದಾನ ನಡೆಯುತ್ತದೆ, ಕನಿಷ್ಠ 50 ಮತ ಹಾಕಿ ಯಂತ್ರ ಪರೀಕ್ಷಿಸುತ್ತಾರೆ. ನಿಮ್ಮ ಏಜೆಂಟ್ ಆಗಲೇ ಅಲ್ಲಿರಬೇಕು. ಸಂಜೆ ಯಂತ್ರ ಮುಚ್ಚಿದ ಮೇಲೆ ಒಟ್ಟು ಎಷ್ಟು ಮತ ಬಿತ್ತೆಂಬ ನಮೂನೆ 17ಸಿ ಪ್ರತಿ ಪಡೆಯದೆ ಎದ್ದು ಬರಬಾರದು. ಎಣಿಕೆಯ ದಿನ ತಾಳೆ ನೋಡಲು ನಿಮ್ಮ ಕೈಯಲ್ಲಿರುವುದು ಅದೊಂದೇ ಕಾಗದ. ಏಜೆಂಟರು, ಚಾಲಕರು, ಅಡುಗೆಯವರು ಬೆಳಿಗ್ಗೆಯೇ ತಮ್ಮ ಮತ ಹಾಕಿ ಬರಲಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ನಕ್ಷೆಯಿಂದ ಹೋಯಿತು. ಅಂದಹಾಗೆ ಇನ್ನೊಂದು ಪುನರ್ವಿಂಗಡಣೆಯ ಚರ್ಚೆಯೂ ಚಾಲ್ತಿಯಲ್ಲಿದೆ. ನಿಮ್ಮ ಹೋಬಳಿ ಯಾವ ಕ್ಷೇತ್ರದಲ್ಲಿ ಉಳಿಯುತ್ತದೆ ಎಂಬುದರ ಮೇಲೆ ಒಂದು ಕಣ್ಣಿಡಿ.

ಫಲಿತಾಂಶದ ಮರುದಿನ

ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಸೋತವರಿಗೂ ಠೇವಣಿ ಮರಳುತ್ತದೆ. 1.8 ಲಕ್ಷ ಮತ ಬಿದ್ದಿದ್ದರೆ 30 ಸಾವಿರ ದಾಟಬೇಕು. ಫಲಿತಾಂಶವನ್ನು ಪ್ರಶ್ನಿಸುವುದಾದರೆ ಹೈಕೋರ್ಟಿನಲ್ಲಿ 45 ದಿನಗಳೊಳಗೆ ಅರ್ಜಿ ಹಾಕಬೇಕು.

ಇದಕ್ಕಿಂತ ತುರ್ತಿನದು ಖರ್ಚಿನ ಲೆಕ್ಕ. ಫಲಿತಾಂಶ ಬಂದ 30 ದಿನಗಳೊಳಗೆ ರಸೀದಿ, ಬ್ಯಾಂಕ್ ವಿವರ, ಪ್ರಮಾಣಪತ್ರದ ಸಮೇತ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಗೆದ್ದವರೂ, ಸೋತವರೂ, ನೂರೇ ಮತ ಪಡೆದವರೂ. 2023ರ ಫಲಿತಾಂಶ ಮೇ 13ಕ್ಕೆ ಬಂತು. ಅಂದರೆ ಗಡುವು ಜೂನ್ ಎರಡನೇ ವಾರ, ಬೀಜ ಗೊಬ್ಬರಕ್ಕೆ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ನಿಲ್ಲುವ ದಿನಗಳು. ಸೋತ ಬೇಸರದಲ್ಲಿ ಕಡತವನ್ನು ಅಟ್ಟಕ್ಕೆಸೆದವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಆ ಮೂರು ವರ್ಷ ಎಣಿಕೆಯಾಗುವುದು ಆದೇಶದ ದಿನದಿಂದ. ಆದೇಶ ತಡವಾಗಿ ಹೊರಟರೆ ಅದು ಮುಂದಿನ ಚುನಾವಣೆಯ ನಾಮಪತ್ರಕ್ಕೇ ಅಡ್ಡ ಬರುತ್ತದೆ. ಲೆಕ್ಕ ಕೊಟ್ಟು, ಮೊಹರು ಬಿದ್ದ ಸ್ವೀಕೃತಿ ಪಡೆದು, ಅದನ್ನು ಪಹಣಿಗಳ ಜೊತೆ ಅದೇ ಕಡತದಲ್ಲಿಡಿ.